ಕಾಣದ ಪೆಟ್ಟು: ತಲೆಯ ಗಾಯವೂ ಶಿಕ್ಷಕರ ಹೊಣೆಯೂ

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಿಕ್ಷಣದ ಧ್ಯೇಯಗಳನ್ನು ಕುರಿತೋ ಶಿಸ್ತಿನ ಮಹತ್ವವನ್ನು ಕುರಿತೋ ಬರೆಯುವುದು ನನ್ನಂಥ ನಿವೃತ್ತ ಅಧ್ಯಾಪಕನಿಗೆ ಸುಲಭದ ದಾರಿಯಾಗಿತ್ತು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದೇ ಇರುತ್ತಾರೆ. ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಚಿಕ್ಕದು. ಆಟದ ಬಯಲಿನಲ್ಲಿಯೋ ರಸ್ತೆಯಲ್ಲಿಯೋ ತಲೆಗೆ ಪೆಟ್ಟು ಬಿದ್ದ ಮಗುವನ್ನು ಮರುದಿನ ತರಗತಿಯಲ್ಲಿ ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದೇ ಆ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣ, ತೀರದೆ ಉಳಿದಿರುವ ನನ್ನದೊಂದು ಋಣ.

ಈ ಸಂಸ್ಥೆಗೆ ಬರುವ ಮೊದಲು ನಾನು ಬೇರೊಂದು ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದೆ. ಅಲ್ಲಿ ಎಂಟನೆಯ ತರಗತಿಯಲ್ಲಿ, ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನಿದ್ದ. ರೈತರ ಮನೆಯವನು, ಲೆಕ್ಕದಲ್ಲಿ ಚುರುಕು, ಕಬಡ್ಡಿಯಲ್ಲಿ ಇನ್ನೂ ಚುರುಕು. ಒಂದು ಸಂಜೆ ರೈಡಿಗೆ ಹೋದ ಅವನನ್ನು ಎದುರಾಳಿಗಳು ಹಿಡಿದು ಕೆಡವಿದಾಗ ಅವನ ತಲೆಯ ಹಿಂಭಾಗ ಗಟ್ಟಿ ನೆಲಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆಯೂ ತಪ್ಪಲಿಲ್ಲ. ಕ್ಷಣಹೊತ್ತು ದಿಕ್ಕು ತೋಚದವನಂತೆ ಕುಳಿತಿದ್ದು, ಬಳಿಕ “ಏನೂ ಆಗಿಲ್ಲ ಸಾರ್” ಎಂದು ಎದ್ದು ನಿಂತ. ನಾವು ನೀರು ಕುಡಿಸಿ, ಬೆನ್ನು ತಟ್ಟಿ, ಮತ್ತೆ ಆಟಕ್ಕೆ ಕಳುಹಿಸಿದೆವು. ಗೆದ್ದು ಬಂದಾಗ ಚಪ್ಪಾಳೆಯನ್ನೂ ತಟ್ಟಿದೆವು.

ಅನಂತರದ ವಾರಗಳಲ್ಲಿ ಆ ಹುಡುಗ ಬದಲಾದ. ಕಪ್ಪು ಹಲಗೆಯನ್ನು ನೋಡುತ್ತಿದ್ದವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬಾಯಿಲೆಕ್ಕವನ್ನು ಅರ್ಧಕ್ಕೆ ಬಿಡುತ್ತಿದ್ದ. ಸ್ನೇಹಿತರ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದ. ತಲೆನೋವೆಂದು ಹೇಳಿದಾಗ ಅದು ಪಾಠ ತಪ್ಪಿಸುವ ನೆಪವೆಂದು ನಾನು ಬಗೆದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಊರಿನಿಂದ ಬಂದ ಅವನ ತಂದೆಗೆ “ನಿಮ್ಮ ಮಗ ಸೋಮಾರಿಯಾಗಿದ್ದಾನೆ” ಎಂದು ಹೇಳಿದೆ. ಆ ಹಿರಿಯರು ಕೈಮುಗಿದು, ತಲೆ ತಗ್ಗಿಸಿ ಹೋದರು. ಹುಡುಗ ಆ ವರ್ಷ ಅನುತ್ತೀರ್ಣನಾದ. ಬೇಸಗೆ ರಜೆಗೆ ಊರಿಗೆ ಹೋದವನು ಮತ್ತೆ ಶಾಲೆಗೆ ಬರಲಿಲ್ಲ. ಆ ಪೆಟ್ಟೊಂದೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಮಗುವಿಗೆ ನೋವಿದ್ದಾಗ ನಾನು ಅದನ್ನು ಅಪರಾಧವೆಂದು ಕರೆದೆನೆಂಬುದು ನಿಶ್ಚಯ. ತಲೆಯ ಪೆಟ್ಟಿನ ಬಗೆಗೆ ವೈದ್ಯರು ಬರೆದುದನ್ನು ಎಷ್ಟೋ ವರ್ಷಗಳ ಬಳಿಕ ಓದಿದಾಗ, ಆ ಹುಡುಗನಲ್ಲಿ ನಾನು ಕಂಡ ಒಂದೊಂದು ಲಕ್ಷಣವೂ ಅಲ್ಲಿ ಅಚ್ಚಾಗಿತ್ತು.

ವೈದ್ಯರು ‘ಕನ್ಕಷನ್’ ಎಂದು ಕರೆಯುವ ಈ ಸ್ಥಿತಿಯನ್ನು ನಾವು ಮಿದುಳಿನ ಅಲುಗಾಟವೆನ್ನಬಹುದು. ವಯಸ್ಕರ ಮಿದುಳು ಸುಮಾರು ೧,೩೦೦ರಿಂದ ೧,೪೦೦ ಗ್ರಾಂ ತೂಗುತ್ತದೆ. ಬುರುಡೆ ಎಷ್ಟು ಗಟ್ಟಿಯೋ ಒಳಗಿನ ಮಿದುಳು ಅಷ್ಟೇ ಮೃದು; ನಮ್ಮ ಮನೆಗಳಲ್ಲಿ ಮಾಡುವ ಹಾಲುಬಾಯಿಯನ್ನು ನೆನೆದರೆ ಅದರ ಹದ ತಿಳಿದೀತು. ಆ ಮೃದು ಪದಾರ್ಥವು ತೆಳ್ಳನೆಯ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ, ಅಥವಾ ಪೆಟ್ಟಿಗೆ ಸಿಕ್ಕಿ ಗಿರ್ರನೆ ತಿರುಗಿದಾಗ, ಬುರುಡೆ ನಿಂತರೂ ಮಿದುಳು ನಿಲ್ಲುವುದಿಲ್ಲ. ಅದು ತಿರುಚಿಕೊಳ್ಳುತ್ತದೆ, ಅದರೊಳಗಿನ ನರಕೋಶಗಳ ನವಿರಾದ ಎಳೆಗಳು ಜಗ್ಗಿಕೊಳ್ಳುತ್ತವೆ. ತಲೆಯೇ ನೆಲಕ್ಕೆ ತಾಗಬೇಕೆಂದೂ ಇಲ್ಲ. ಎದೆಗೋ ಬೆನ್ನಿಗೋ ಬಿದ್ದ ಬಲವಾದ ತಳ್ಳಿನಿಂದ ಕತ್ತು ಜಾಡಿಸಿದರೂ ಸಾಕು.

ಹೀಗೆ ಜಗ್ಗಿದ ಕೋಶಗಳಲ್ಲಿ ನಡೆಯುವುದು ಒಂದು ಬಗೆಯ ಲೆಕ್ಕದ ಏರುಪೇರು. ಕೋಶದ ಒಳಗಿರಬೇಕಾದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಅದನ್ನು ಸರಿಪಡಿಸಲು ಮಿದುಳಿಗೆ ಎಂದಿಗಿಂತ ಹೆಚ್ಚು ಗ್ಲೂಕೋಸ್ ಬೇಕಾಗುತ್ತದೆ. ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ಮಾತ್ರ ಎಂದಿಗಿಂತ ಕಡಿಮೆಯಾಗಬಹುದು. ಖರ್ಚು ಏರಿ ಆದಾಯ ಇಳಿದ ಸಂಸಾರದಂತಹ ಈ ಸ್ಥಿತಿಯನ್ನು ಗಿಜಾ ಮತ್ತು ಹೋವ್ಡಾ ಎಂಬ ವಿಜ್ಞಾನಿಗಳು ೨೦೦೧ರಲ್ಲಿ ವಿವರವಾಗಿ ನಿರೂಪಿಸಿದರು. ಹೀಗೆ ಕಷ್ಟದಲ್ಲಿ ದಿನದೂಡುತ್ತಿರುವ ಮಿದುಳಿಗೆ ಬೀಜಗಣಿತದ ಸಮೀಕರಣವೂ ಭಾರವೇ.

ಪೆಟ್ಟು ಮಾಡಿರುವುದು ಕೋಶಗಳ ನಡವಳಿಕೆಯಲ್ಲಿನ ವ್ಯತ್ಯಾಸವನ್ನು, ಆದುದರಿಂದ ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಆ ಚಿತ್ರವನ್ನು ತೆಗೆಸುವುದು ರಕ್ತಸ್ರಾವವೋ ಬುರುಡೆಯ ಬಿರುಕೋ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. “ಸ್ಕ್ಯಾನ್ ಸರಿಯಾಗಿದೆ, ಇನ್ನೇನು, ನಾಳೆಯಿಂದ ಪಾಠಕ್ಕೆ ಕೂರಲಿ” ಎಂದು ನಾವು ತೀರ್ಮಾನಿಸುವುದು ತಪ್ಪಾಗುತ್ತದೆ. ಅದೇ ರೀತಿ, ಪ್ರಜ್ಞೆ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟಾಗಿದೆ ಎಂಬ ನಂಬಿಕೆಯೂ ತಪ್ಪು. ಕನ್ಕಷನ್ ಆದವರಲ್ಲಿ ಬಹುಪಾಲು ಜನ ಪ್ರಜ್ಞೆ ತಪ್ಪಿರುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಮತ್ತು ಗದ್ದಲಗಳನ್ನು ಸಹಿಸಲಾಗದಿರುವುದು, ಮರೆವು, ಮಂಕು, ಸಿಡುಕು, ಅಳು, ನಿದ್ರೆಯಲ್ಲಿ ವ್ಯತ್ಯಾಸ—ಇವೇ ಅದರ ಕುರುಹುಗಳು. ಕೆಲವು ಕುರುಹುಗಳು ಮರುದಿನವೋ ಅದರ ಮರುದಿನವೋ ತಲೆದೋರುತ್ತವೆ.

ಇವುಗಳಿಂದ ಬೇರೆಯಾಗಿ ಗುರುತಿಸಲೇಬೇಕಾದ ಅಪಾಯದ ಚಿಹ್ನೆಗಳು ಕೆಲವಿವೆ. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಲಾಗದಷ್ಟು ಮಂಪರು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದಾಗುವುದು, ಕೈಕಾಲುಗಳಲ್ಲಿ ಬಲಹೀನತೆ, ಮಾತಿನ ತೊದಲು, ಮೂಗು ಕಿವಿಗಳಿಂದ ನೀರಿನಂತಹ ದ್ರವ ಅಥವಾ ರಕ್ತ ಒಸರುವುದು—ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಗಾಯಕ್ಕೆ ಕಾಫಿಪುಡಿ ಮೆತ್ತುವುದು, ತಲೆಗೆ ಎಣ್ಣೆ ಹಚ್ಚಿ ತಿಕ್ಕುವುದು, ಮಂಪರಿನಲ್ಲಿರುವವನ ಬಾಯಿಗೆ ನೀರು ಹೊಯ್ಯುವುದು ಮುಂತಾದ ಉಪಚಾರಗಳಿಂದ ಕಾಲ ಕಳೆಯುತ್ತದೆ. ಕೆಲವೊಮ್ಮೆ ಕೇಡೂ ಆಗುತ್ತದೆ.

ವಿಶ್ರಾಂತಿಯ ವಿಷಯದಲ್ಲಿ ನಮ್ಮ ಜನ ಎರಡು ತುದಿಗಳಲ್ಲಿ ತಪ್ಪುತ್ತಾರೆ. ಕೆಲವರು ನಾನು ಮಾಡಿದಂತೆ ಮಗುವನ್ನು ಆಗಲೇ ಆಟಕ್ಕೂ ಪಾಠಕ್ಕೂ ನೂಕುತ್ತಾರೆ. ಇನ್ನು ಕೆಲವರು ಗಾಬರಿಗೊಂಡು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಹಿಂದೊಮ್ಮೆ ವೈದ್ಯರೂ ಕಟ್ಟುನಿಟ್ಟಿನ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ೨೦೨೨ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಲೆತು ೨೦೨೩ರಲ್ಲಿ ತಮ್ಮ ಒಮ್ಮತದ ಅಭಿಪ್ರಾಯವನ್ನು ಪ್ರಕಟಿಸಿದ ತಜ್ಞರು ಅದನ್ನು ಒಪ್ಪುವುದಿಲ್ಲ. ಅವರ ಮಾತಿನ ಸಾರ ಹೀಗಿದೆ: ಮೊದಲ ೨೪ರಿಂದ ೪೮ ಗಂಟೆಗಳ ಕಾಲ ಮಿತವಾದ ವಿಶ್ರಾಂತಿ, ಮನೆಯೊಳಗೆ ಓಡಾಡುವುದು, ಸಣ್ಣ ಕೆಲಸಗಳು ಆಗಬಹುದು, ದೂರದರ್ಶನ ಮತ್ತು ಮೊಬೈಲು ಕಡಿಮೆ. ಆ ಬಳಿಕ ನಡಿಗೆಯಂತಹ ಹಗುರವಾದ ಚಟುವಟಿಕೆ. ತಲೆನೋವು ಸ್ವಲ್ಪ ಹೆಚ್ಚಿದರೆ ಹೆದರಬೇಕಿಲ್ಲ. ಬಹಳ ಹೆಚ್ಚಿದರೆ ನಿಲ್ಲಿಸಿ ಮರುದಿನ ಮುಂದುವರಿಸಬೇಕು. ಆಟಕ್ಕೆ ಹಿಂದಿರುಗುವುದು ಆರು ಮೆಟ್ಟಿಲುಗಳಲ್ಲಿ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಮತ್ತೆ ತಲೆಗೆ ಪೆಟ್ಟು ಬೀಳಬಹುದಾದ ಅಭ್ಯಾಸಗಳನ್ನು, ಕುರುಹುಗಳೆಲ್ಲ ಮಾಯವಾಗಿ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆಯೇ ಆರಂಭಿಸಬೇಕು.

ಶಿಕ್ಷಕರು ಗಮನಿಸಬೇಕಾದ ಅಂಶವೊಂದು ಇದರಲ್ಲಿದೆ. ಆಟಕ್ಕೆ ಪೂರ್ಣವಾಗಿ ಮರಳುವುದಕ್ಕೆ ಮೊದಲು ಮಗು ಪಾಠಕ್ಕೆ ಪೂರ್ಣವಾಗಿ ಮರಳಿರಬೇಕೆಂದು ಆ ತಜ್ಞರು ಹೇಳುತ್ತಾರೆ. ಮನೆಯಲ್ಲಿ ಸ್ವಲ್ಪ ಓದು, ಅನಂತರ ಅರ್ಧದಿನದ ಶಾಲೆ, ಅನಂತರ ಪೂರ್ಣದಿನ, ಕೊನೆಗೆ ಪರೀಕ್ಷೆ—ಇದು ಕ್ರಮ. ಬಹುಪಾಲು ಮಕ್ಕಳು ಹತ್ತು ದಿನಗಳೊಳಗೆ ಎಂದಿನ ಓದಿಗೆ ಮರಳುತ್ತಾರೆ. ಕುರುಹುಗಳೆಲ್ಲ ಮರೆಯಾಗಲು ಸುಮಾರು ನಾಲ್ಕು ವಾರಗಳೂ ಬೇಕಾಗಬಹುದು. ಅದಕ್ಕೂ ಮೀರಿ ತೊಂದರೆ ಉಳಿದವರಿಗೆ ಚಿಕಿತ್ಸೆಯಿದೆ, ಅಭ್ಯಾಸಗಳಿವೆ. ಗುಣವಾಗುವುದೇ ಇದರ ಸ್ವಭಾವ ಎಂಬುದನ್ನು ತಂದೆತಾಯಿಗಳಿಗೆ ಒತ್ತಿ ಹೇಳಬೇಕು. ಮೊದಲನೆಯ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಾತ್ರ ಸ್ಥಿತಿ ಬೇರೆ. ಆಗ ಚೇತರಿಕೆ ದೀರ್ಘವಾಗುತ್ತದೆ. ಬಹು ಅಪರೂಪವಾಗಿ, ಮುಖ್ಯವಾಗಿ ಎಳೆಯ ಆಟಗಾರರಲ್ಲಿ, ಮಿದುಳು ಒಮ್ಮೆಲೇ ಊದಿಕೊಂಡು ಪ್ರಾಣಕ್ಕೇ ಎರವಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. “ಏನೂ ಆಗಿಲ್ಲ ಸಾರ್” ಎಂದ ಹುಡುಗನನ್ನು ನಾವು ಅಂದು ಮತ್ತೆ ಕಬಡ್ಡಿಗೆ ಕಳುಹಿಸಿದ್ದು ಎಂತಹ ಗಂಡಾಂತರವೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

“ನಾವೆಲ್ಲ ಮರದಿಂದ ಬಿದ್ದು, ಬಾವಿಗೆ ಹಾರಿ ಬೆಳೆದವರಲ್ಲವೆ? ಇಷ್ಟೊಂದು ಸುಕುಮಾರತೆ ಮಕ್ಕಳಿಗೆ ಏತಕ್ಕೆ?” ಎಂದು ಹಿರಿಯರು ಕೆಲವರು ಕೇಳಬಹುದು. ಅವರಿಗೆ ನಮ್ಮ ಊರಿನ ಒಬ್ಬ ಆಟಗಾರನ ಉದಾಹರಣೆಯನ್ನು ಕೊಡುತ್ತೇನೆ. ೨೦೨೧ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ಮೊದಲ ಟೆಸ್ಟಿಗೆ ಎರಡು ದಿನ ಮುಂಚೆ, ಬೆಂಗಳೂರಿನ ಮಯಾಂಕ್ ಅಗರ್‌ವಾಲ್ ನೆಟ್ ಅಭ್ಯಾಸದಲ್ಲಿದ್ದಾಗ ಸಹಆಟಗಾರ ಮೊಹಮ್ಮದ್ ಸಿರಾಜ್ ಎಸೆದ ಚೆಂಡು ಹೆಲ್ಮೆಟ್ಟಿಗೆ ಬಡಿಯಿತು. ಅವರು ಹೆಲ್ಮೆಟ್ ಧರಿಸಿಯೇ ಇದ್ದರು. ವೈದ್ಯರು ಪರೀಕ್ಷಿಸಿ, ಕನ್ಕಷನ್ ಲಕ್ಷಣಗಳನ್ನು ಕಂಡು, ಟೆಸ್ಟಿನಿಂದ ಅವರನ್ನು ಹೊರಗಿಟ್ಟರು. ಅವರ ಬದಲು ಕನ್ನಡಿಗರೇ ಆದ ಕೆ.ಎಲ್. ರಾಹುಲ್ ಆಡಲಿಳಿದು ೮೪ ಓಟಗಳನ್ನು ಗಳಿಸಿದರು. ಲಾರ್ಡ್ಸಿನ ಮುಂದಿನ ಟೆಸ್ಟಿನಲ್ಲಿ ಶತಕವನ್ನೇ ಬಾರಿಸಿದರು. ಆ ಸರಣಿಯಲ್ಲಿ ಮಯಾಂಕರಿಗೆ ಸ್ಥಾನ ಮತ್ತೆ ದೊರೆಯಲಿಲ್ಲ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡಿನ ವಿರುದ್ಧ ಅವರು ೧೫೦ ಮತ್ತು ೬೨ ಓಟಗಳನ್ನು ಹೊಡೆದರು.

ಈ ಪ್ರಸಂಗದಿಂದ ನಾನು ಕಲಿತ ಪಾಠಗಳು ಮೂರು. ಮೈ ಹುರಿಗೊಳಿಸಿದ, ದೇಶದ ಪರವಾಗಿ ಆಡುವ ವೀರನಿಗೂ ಮಿದುಳಿನ ಪೆಟ್ಟು ಪೆಟ್ಟೇ. ಹೆಲ್ಮೆಟ್ ಬುರುಡೆಯನ್ನು ಕಾಪಾಡುತ್ತದೆ; ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು. ಇನ್ನು ಮೂರನೆಯದು, ವಿಶ್ರಾಂತಿಗೆ ಬೆಲೆ ತೆರಬೇಕಾಗುತ್ತದೆ ಎಂಬುದು. ಸ್ಥಾನ ಹೋದೀತೆಂಬ ಭಯವೇ ನಮ್ಮ ಹುಡುಗರ ಬಾಯಿಂದ “ಏನೂ ಆಗಿಲ್ಲ” ಎನ್ನಿಸುವುದು. ಆದುದರಿಂದ ತೀರ್ಮಾನವನ್ನು ಆಟಗಾರನ ಕೈಗೆ ಬಿಡಲಾಗದು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯು ೨೦೧೯ರ ಆಗಸ್ಟಿನಿಂದ ಕನ್ಕಷನ್ ಆದವನ ಬದಲಿಗೆ ಮತ್ತೊಬ್ಬನನ್ನು ಪೂರ್ಣ ಆಟಗಾರನಾಗಿ ಇಳಿಸಲು ಅವಕಾಶ ಕೊಟ್ಟಿದೆ. ಅದೇ ತಿಂಗಳು ಲಾರ್ಡ್ಸಿನಲ್ಲಿ ಸ್ಟೀವ್ ಸ್ಮಿತ್ ಅವರ ಬದಲು ಲಬುಶೇನ್ ಆಡಿದ್ದೇ ಅದರ ಮೊದಲ ಪ್ರಯೋಗ. ತಂಡಕ್ಕೆ ನಷ್ಟವಾಗದಿದ್ದರೆ ಪೆಟ್ಟನ್ನು ಮುಚ್ಚಿಡುವ ಆಸೆಯೂ ಕಡಿಮೆಯಾಗುತ್ತದೆ. ಶಾಲೆಗಳ ನಡುವಿನ ಪಂದ್ಯಗಳಲ್ಲಿ ಇಂತಹ ನಿಯಮವನ್ನು ನಾವೇ ಒಪ್ಪಿಕೊಳ್ಳಲು ಯಾರ ಅಡ್ಡಿಯಿದೆ?

ಆಟದ ಬಯಲಿಗಿಂತ ನಮ್ಮ ರಸ್ತೆಗಳ ಪಾಲು ದೊಡ್ಡದು. ಬೆಂಗಳೂರಿನಲ್ಲಿ ತಲೆಯ ಪೆಟ್ಟುಗಳನ್ನು ದೀರ್ಘಕಾಲ ಅಭ್ಯಸಿಸಿದ ನಿಮ್ಹಾನ್ಸ್ ಸಂಸ್ಥೆಯ ಡಾ|| ಜಿ. ಗುರುರಾಜ್ ಅವರು ೨೦೦೨ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಭಾರತದಲ್ಲಿ ಮಿದುಳಿನ ಗಾಯಗಳಿಗೆ ಸುಮಾರು ಶೇ. ೬೦ರಷ್ಟು ರಸ್ತೆ ಅಪಘಾತಗಳೂ, ಶೇ. ೨೦ರಿಂದ ೨೫ರಷ್ಟು ಬೀಳುವಿಕೆಯೂ ಕಾರಣ. ಹೆಲ್ಮೆಟ್ ಧರಿಸುವ ದ್ವಿಚಕ್ರ ಸವಾರರಲ್ಲಿ ತಲೆಗಾಯದ ಸಂಭವ ಶೇ. ೬೯ರಷ್ಟು, ಸಾವಿನ ಸಂಭವ ಶೇ. ೪೨ರಷ್ಟು ಕಡಿಮೆಯೆಂದು ೨೦೦೮ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿಯೊಂದು ಕಂಡುಕೊಂಡಿತು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ಹೆಲ್ಮೆಟ್ ಧರಿಸಬೇಕೆಂದು ೨೦೧೯ರ ತಿದ್ದುಪಡಿಯ ಅನಂತರ ಮೋಟಾರು ವಾಹನ ಕಾಯಿದೆಯೇ ಹೇಳುತ್ತದೆ. ಹೀಗಿದ್ದೂ ಬೆಳಗಿನ ಹೊತ್ತು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಯಾವ ಶಾಲೆಯ ಬಾಗಿಲಲ್ಲಿ ನಿಂತರೂ ಕಾಣುವ ನೋಟ ಒಂದೇ. ತಂದೆಯ ತಲೆಯ ಮೇಲೆ ಹೆಲ್ಮೆಟ್ ಇದೆ. ಅದು ಪೋಲೀಸರ ಭಯಕ್ಕೆ. ಹಿಂದೆ ಚೀಲ ಹೊತ್ತು ಕುಳಿತ ಮಗಳ ತಲೆಯ ಮೇಲೆ ರಿಬ್ಬನ್ ಮಾತ್ರ.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರಾದ ನಾವು ಭಾಗ್ಯಶಾಲಿಗಳು ಎನ್ನಬೇಕು. ಜಯನಗರದ ಅಂಚಿನಲ್ಲಿ, ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಇದೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ ಕೂಡಿ ೧೯೭೪ರಲ್ಲಿ ರೂಪುಗೊಂಡ ಈ ಸಂಸ್ಥೆಯು ೨೦೧೨ರಲ್ಲಿ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂಬ ಮನ್ನಣೆ ಪಡೆಯಿತು. ತಲೆಗೆ ಪೆಟ್ಟು ಬಿದ್ದವರಿಗೆ ಶಸ್ತ್ರಚಿಕಿತ್ಸೆಯಷ್ಟೇ ಅಲ್ಲದೆ, ನೆನಪು ಗಮನಗಳ ಕೊರತೆಯನ್ನು ಅಳೆದು ಅಭ್ಯಾಸಗಳ ಮೂಲಕ ಸರಿಪಡಿಸುವ ನರಮನೋವಿಜ್ಞಾನದ ಕೆಲಸವೂ ಅಲ್ಲಿ ನಡೆಯುತ್ತದೆ. ಸಾರ್ವಜನಿಕರು ನಿಜವಾದ ಮಿದುಳನ್ನೇ ನೋಡಿ ತಿಳಿಯಬಹುದಾದ ವಸ್ತುಸಂಗ್ರಹವೂ ಅಲ್ಲಿದೆ. ನಮ್ಮ ಮಕ್ಕಳನ್ನು ಪ್ರತಿವರ್ಷ ಬೇಲೂರು ಹಳೇಬೀಡುಗಳಿಗೆ ಪ್ರವಾಸ ಕರೆದೊಯ್ಯುತ್ತೇವೆ. ಒಂದು ವರ್ಷ ಇಲ್ಲಿಗೂ ಕರೆದೊಯ್ದರೆ, ತಮ್ಮ ಬುರುಡೆಯೊಳಗೆ ಏನನ್ನು ಹೊತ್ತು ತಿರುಗುತ್ತಿದ್ದೇವೆಂಬುದು ಅವರಿಗೆ ಮನದಟ್ಟಾದೀತು.

ಇನ್ನು ನನ್ನ ವಿಜ್ಞಾಪನೆಗಳು. ಶಿಕ್ಷಕ ಬಾಂಧವರಲ್ಲಿ ಮೊದಲನೆಯದಾಗಿ ಕೇಳಿಕೊಳ್ಳುವುದು, ತಲೆಗೆ ಪೆಟ್ಟು ಬಿದ್ದ ಮಗು ಅಂದು ಮತ್ತೆ ಆಡಬಾರದು. ಪಂದ್ಯ ಎಷ್ಟೇ ದೊಡ್ಡದಿರಲಿ, ಮಗು ಎಷ್ಟೇ ಬೇಡಿಕೊಳ್ಳಲಿ. ಎರಡನೆಯದಾಗಿ, ಎಷ್ಟು ಹೊತ್ತಿಗೆ, ಹೇಗೆ ಬಿದ್ದ, ಆಮೇಲೆ ಏನು ಕಂಡಿತು ಎಂಬುದನ್ನು ಬರೆದು ಅಂದೇ ಸಂಜೆ ಮನೆಗೆ ತಿಳಿಸಬೇಕು, ವೈದ್ಯರಿಗೆ ತೋರಿಸಲು ಹೇಳಬೇಕು. ವಿದ್ಯಾರ್ಥಿನಿಲಯದ ಮಕ್ಕಳಿಗೆ ನಾವೇ ತಂದೆತಾಯಿಗಳು. ಅವರನ್ನು ವೈದ್ಯರಿಗೆ ತೋರಿಸುವ ಹೊಣೆ ನಿಲಯಪಾಲಕರದು. ಆ ರಾತ್ರಿ ದೊಡ್ಡವರೊಬ್ಬರು ಮಗುವಿನ ಬಳಿಯಲ್ಲೇ ಇರಬೇಕು. ಮೂರನೆಯದಾಗಿ, ತರಗತಿಯ ಅಧ್ಯಾಪಕರು ಎರಡು ವಾರಗಳ ಮಟ್ಟಿಗೆ ಆ ಮಗುವಿಗೆ ಕಿರುಪರೀಕ್ಷೆಗಳಿಂದ ವಿನಾಯಿತಿ, ನಡುನಡುವೆ ಬಿಡುವು, ಗದ್ದಲವಿಲ್ಲದ ಜಾಗ ಕೊಡಲಿ. ಚೆನ್ನಾಗಿ ಓದುತ್ತಿದ್ದವನು ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ, ಬೆತ್ತಕ್ಕೋ ಬೈಗುಳಕ್ಕೋ ಮೊದಲು “ಎಲ್ಲಿಯಾದರೂ ಬಿದ್ದಿದ್ದೆಯೇನಪ್ಪ?” ಎಂಬ ಒಂದು ಪ್ರಶ್ನೆ ಬರಲಿ. ಅಂದು ನಾನು ಕೇಳದೆ ಹೋದ ಪ್ರಶ್ನೆ ಅದು.

ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ಅನೇಕರಿದ್ದಾರೆ. ಶಾಲೆಯ ಆರಂಭದಲ್ಲಿ ವರ್ಷಕ್ಕೊಂದು ದಿನ ಬಂದು, ದೈಹಿಕ ಶಿಕ್ಷಕರಿಗೂ ನಿಲಯಪಾಲಕರಿಗೂ ಅಪಾಯದ ಚಿಹ್ನೆಗಳನ್ನು ತಿಳಿಸಿಕೊಟ್ಟರೆ ಅದು ಗುರುದಕ್ಷಿಣೆಯೇ ಸರಿ. ದಾನಿಗಳಲ್ಲಿ ನನ್ನ ಪ್ರಾರ್ಥನೆ ಬೇರೆ. ಕಟ್ಟಡಗಳ ಮೇಲೆ ತಮ್ಮ ಪೂರ್ವಜರ ಹೆಸರು ನಿಲ್ಲುವುದು ಸಹಜವಾದ ಆಸೆ. ಆದರೆ ಕಬಡ್ಡಿ ಅಂಕಣಕ್ಕೆ ಹಾಸುವ ಮ್ಯಾಟು, ತಲೆಗೆ ಸರಿಯಾಗಿ ಹೊಂದುವ ಕ್ರಿಕೆಟ್ ಹೆಲ್ಮೆಟ್ಟುಗಳು, ಪೆಟ್ಟು ತಿಂದ ಹೆಲ್ಮೆಟ್ಟನ್ನು ಎಸೆದು ಹೊಸದನ್ನು ಕೊಳ್ಳಲು ಒಂದು ಚಿಕ್ಕ ನಿಧಿ, ನೋವಿರುವ ಮಗು ಒಂದು ಗಂಟೆ ಸುಮ್ಮನೆ ಮಲಗಲು ಒಂದು ತಣ್ಣನೆಯ ಕೋಣೆ—ಇವುಗಳ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲದಿದ್ದರೂ, ಪುಣ್ಯಕ್ಕೆ ಕೊರತೆಯಿಲ್ಲ.

ಮಕ್ಕಳು ಆಡುವುದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಆಟವಿಲ್ಲದ ಶಾಲೆ ಶಾಲೆಯೇ ಅಲ್ಲ. ಬೀಳದೆ ಬೆಳೆದ ಮಗುವೂ ಇಲ್ಲ. ಕಾಯಕದ ಹಿರಿಮೆಯನ್ನು ಹೇಳಿಕೊಂಡು ಬೆಳೆದ ನಾವು ದುಡಿಯದವನನ್ನು ಕಂಡರೆ ಬೇಗ ಸೋಮಾರಿಯೆನ್ನುತ್ತೇವೆ. ಮಾಯುತ್ತಿರುವ ಮಿದುಳಿಗೆ ಕೆಲವು ದಿನಗಳ ಬಿಡುವೇ ಅದರ ಕೆಲಸವೆಂಬುದನ್ನೂ ನಾವು ಕಲಿಯಬೇಕಾಗಿದೆ. ಕೈ ಮುರಿದು ಪಟ್ಟಿ ಕಟ್ಟಿಸಿಕೊಂಡು ಬಂದ ಮಗುವಿಗೆ ಬರೆಯಲು ಯಾವ ಅಧ್ಯಾಪಕರೂ ಹೇಳುವುದಿಲ್ಲ. ಪಟ್ಟಿ ಕಾಣದ ಗಾಯವಿರುವ ಮಗುವಿಗೂ ಅಷ್ಟೇ ಕರುಣೆ ದೊರೆಯಲಿ.

ಆ ಹುಡುಗ ಈಗ ಎಲ್ಲಿದ್ದಾನೋ ನಾನರಿಯೆ. ಮಕ್ಕಳೊಂದಿಗನಾಗಿ ತನ್ನ ಹೊಲದಲ್ಲಿ ಚೆನ್ನಾಗಿಯೇ ಇರಬಹುದು; ಹಾಗಿರಲೆಂಬುದೇ ನನ್ನ ಹಾರೈಕೆ. ಕೈಮುಗಿದು ಹೋದ ಅವನ ತಂದೆಗೆ ನಾನು ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವುದು ನನ್ನಿಂದಾಗದು. ಈ ಸಂಸ್ಥೆಯ ಯಾವ ಅಧ್ಯಾಪಕರೂ ಮುಂದೆ ಅಂತಹ ಮಾತನ್ನು ಆಡದಿದ್ದರೆ ನನ್ನ ಋಣದಲ್ಲಿ ಸ್ವಲ್ಪವಾದರೂ ತೀರಿತೆಂದು ತಿಳಿಯುತ್ತೇನೆ.